ನಿಲ್ಲುವ ಜಾಗ

"ನನ್ನ ಸ್ಕಾರ್ಫ್ ಬಿಚ್ಚಿದೋರು ಯಾರು?"

ಹೆರ್ಮೀನೆ ಕೇಳಿದ್ದು ಮೆಲ್ಲಗೇ. ಆದರೂ ಸಭಾಂಗಣದ ಹಿಂಭಾಗದಲ್ಲಿ ಹಿತ್ತಾಳೆ ಕಂಬಿಗೆ ಒರಗಿದ್ದವರೆಲ್ಲ ತಿರುಗಿ ನೋಡಿದರು. ಏಳು ಗಂಟೆಗೆ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ, ಕಂಬಿಯ ನಟ್ಟನಡುವೆ ತನ್ನ ಹಸಿರು ಸ್ಕಾರ್ಫ್ ಕಟ್ಟಿ, ಕೋಟು ಇಟ್ಟು ಬರಲು ಕೆಳಗೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಅಲ್ಲಿ ಯಾರದೋ ನೀಲಿ ಮಫ್ಲರು. ಅದರ ಹಿಂದೆ ಗಡ್ಡದವನೊಬ್ಬ ಕಾರ್ಯಕ್ರಮದ ಹಾಳೆ ಓದುತ್ತ ನಿಂತಿದ್ದಾನೆ.

ವಿಯೆನ್ನಾದಲ್ಲಿ ಅಗ್ಗದ ಟಿಕೆಟಿನಲ್ಲಿ ಹಿಂದೆ ನಿಂತು ಸಂಗೀತ ಕೇಳುವವರಿಗೆ ಕಾನೂನು ಅಂತ ಇರುವುದು ಇದೊಂದೇ. ಕಂಬಿಗೆ ಬಟ್ಟೆ ಕಟ್ಟಿದೆಯೋ, ಜಾಗ ನಿನ್ನದು. ಕಾಫಿಗೆ ಹೋಗು, ಹರಟೆಗೆ ಹೋಗು, ಯಾರೂ ಮುಟ್ಟುವ ಹಾಗಿಲ್ಲ. ಬಿಚ್ಚಿದೆಯೋ, ಮುಂದೆ ಬಂದವನದು. ಈ ನಗರದ ಹಳೆಯ ವಾದ್ಯವೃಂದವನ್ನು ಕೇಳಲು ಹೆರ್ಮೀನೆ ಬರುತ್ತಿರುವ ನಲವತ್ತಾರು ವರ್ಷಗಳಲ್ಲಿ ಇಲ್ಲಿ ಪರ್ಸು ಕದ್ದವರಿದ್ದಾರೆ, ಇನ್ನೊಬ್ಬಳ ಗಂಡನನ್ನೇ ಹಾರಿಸಿಕೊಂಡು ಹೋದವಳಿದ್ದಾಳೆ. ಸ್ಕಾರ್ಫ್ ಬಿಚ್ಚಿದವರು ಮಾತ್ರ ಒಬ್ಬರೂ ಇರಲಿಲ್ಲ.

"ನನ್ನ ಯಾಕೆ ಹಂಗೆ ಗುರಾಯಿಸ್ತೀಯ?" ಎಂದ ಪೋಲ್ಡಿ. ನಿವೃತ್ತ ಅಂಚೆಯವನು, ಇಪ್ಪತ್ತು ವರ್ಷದಿಂದ ಅವಳ ಪಕ್ಕದಲ್ಲೇ ನಿಲ್ಲುವವನು. "ಬಿಚ್ಚಿದ್ದು ನಿನ್ನ ಮಗಳು. 'ಅಮ್ಮ ಇವತ್ತು ಕೂತ್ಕೊಂಡು ಕೇಳ್ತಾಳೆ' ಅಂದ್ಲು. ಪಾಪ, ಈ ಗಡ್ಡದವನು ಕೇಳ್ಕೊಂಡೇ ಕಟ್ಟಿದ್ದು. ಏನು ಮಹಾರಾಣಿಯವರೇ, ಸಿಂಹಾಸನ ಸಿಕ್ತಂತೆ?"

ಹೆರ್ಮೀನೆಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಮಗಳು ಗೂಡ್ರುನ್ ಬಂದಳು. ಎತ್ತರದ ಹಿಮ್ಮಡಿಯ ಕರಿ ಶೂ, ಕೈಯಲ್ಲಿ ಎರಡು ಟಿಕೆಟು, ಅಚ್ಚುಕಟ್ಟಾಗಿ ಮಡಿಸಿದ ಹಸಿರು ಸ್ಕಾರ್ಫು.

"ಬೈಬೇಡ ಅಮ್ಮ. ಏಳನೇ ಸಾಲು. ಇವತ್ತೊಂದಿನಕ್ಕಲ್ಲ, ವರ್ಷಪೂರ್ತಿ ನಿಂಗೆ ಅದೇ ಸೀಟು ಮಾಡಿಸಿದೀನಿ."

"ನನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಗೊತ್ತಿದ್ದೂ ಮಾಡಿದ್ಯಲ್ಲೇ!"

"ಎಪ್ಪತ್ನಾಲ್ಕು ವರ್ಷ ನಿಂಗೆ! ಹೋದ ತಿಂಗಳು ಇಲ್ಲೇ ಕುಸಿದು ಬಿದ್ದೆ. ಫೋನ್ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು, ಗೊತ್ತಾ?"

ಗಂಟೆ ಬಾರಿಸಿತು. ಜನರೆದುರು ಜಗಳ ಬೇಡವೆಂದು ಹೆರ್ಮೀನೆ ಹಲ್ಲು ಕಚ್ಚಿಕೊಂಡು ಮಗಳ ಹಿಂದೆ ನಡೆದಳು.

ಏಳನೇ ಸಾಲಿನಿಂದ ಎಲ್ಲ ಕಾಣುತ್ತಿತ್ತು, ಅದೇ ತಾಪತ್ರಯ. ಹಿಂದೆ ನಿಂತರೆ ಪಿಟೀಲು, ಕೊಳಲು, ಕಹಳೆ ಎಲ್ಲ ಕಲೆತು ಒಂದಾಗಿ ಬಂದು ಎದೆಗೆ ತಾಕುತ್ತಿತ್ತು. ಇಲ್ಲಿ ಕಮಾನು ಉಜ್ಜುವ ಸದ್ದು ಬೇರೆ, ವಾದಕರ ಉಸಿರು ಬೇರೆ. ಸಾಲದ್ದಕ್ಕೆ ಎದುರಿಗಿದ್ದ ಚೆಲ್ಲೋ ವಾದಕನ ಕಾಲರಿನಲ್ಲಿ ಒಂದು ಸುಕ್ಕು. ಮೂವತ್ತೆಂಟು ವರ್ಷ ಫಾವೋರಿಟನ್ ಬಡಾವಣೆಯ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿದವಳಿಗೆ ಆ ಸುಕ್ಕು ಬಿಟ್ಟು ಬೇರೇನೂ ಕಾಣಲಿಲ್ಲ. ದಿನವಿಡೀ ಹೊಟ್ಟೆಪಾಡಿಗೆ ನಿಂತು, ಸಂಜೆ ಅದೇ ಕಾಲಲ್ಲಿ ಇಲ್ಲಿಗೆ ಬಂದು ನಿಂತರೆ ಮಾತ್ರ ಆ ಕಾಲು ತನ್ನದು ಅನ್ನಿಸುತ್ತಿತ್ತು. ಈಗ ಮೆತ್ತನೆಯ ಕುರ್ಚಿ ಅವಳ ಸೊಂಟವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಸುಳ್ಳು ಯಾಕೆ, ಸುಖವಾಗಿಯೇ ಇತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಇವತ್ತು ಇಲ್ಲಿ ಕೂತರೆ ಮುಂದಿನ ತಿಂಗಳೂ ಇಲ್ಲೇ. ಆಮೇಲೆ ಮನೆಯಲ್ಲಿ ಕಿಟಕಿ ಪಕ್ಕ ಒಂದು ಕುರ್ಚಿ. ಅಲ್ಲಿಂದ ಯಾರು ಎಬ್ಬಿಸುತ್ತಾರೆ?

ಮಧ್ಯಂತರವಾದದ್ದೇ ಎದ್ದಳು.

"ಅಮ್ಮ, ಎಲ್ಲಿಗೆ?"

"ನನ್ನ ಜಾಗಕ್ಕೆ."

ಅವಳು ಬರುವುದನ್ನು ನೋಡಿ ಗಡ್ಡದವನು ಗಡಿಬಿಡಿಯಿಂದ ಮಫ್ಲರಿಗೆ ಕೈ ಹಾಕಿದ. "ನೀವು ಬನ್ನಿ ಮೇಡಂ, ನಂಗೆ ಗೊತ್ತಿರಲಿಲ್ಲ."

"ಬಿಚ್ಚಬೇಡಪ್ಪ! ಅದು ಈಗ ನಿನ್ನದು."

"ಏ ಹೆರ್ಮೀನೆ, ಹಟ ಸಾಕು," ಎಂದ ಪೋಲ್ಡಿ. ಈ ಸಲ ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. "ನನ್ನ ಜಾಗಕ್ಕೆ ಬಾ. ಮುಂದಿನ ಕೃತಿ ಐವತ್ತು ನಿಮಿಷ ಇದೆ."

"ನಿನ್ನ ಉಪಕಾರ ನೀನೇ ಇಟ್ಕೊ. ಒರಗಿಕೊಳ್ಳೋದಾದ್ರೆ ಆ ಕುರ್ಚಿನೇ ಸಾಕಿತ್ತು."

ಕಂಬಿಯಿಂದ ಎರಡು ಹೆಜ್ಜೆ ಹಿಂದೆ, ಹಿಡಿಯಲು ಏನೂ ಇಲ್ಲದ ಬರಿಯ ನೆಲದ ಮೇಲೆ ಹೆರ್ಮೀನೆ ಪಾದ ಊರಿ ನಿಂತಳು.

ಗೂಡ್ರುನ್ ಓಡುತ್ತ ಬಂದಳು. "ಬಿದ್ದುಬಿಡ್ತೀಯ ಅಮ್ಮ!"

"ಬಿದ್ರೆ ಏಳ್ತೀನಿ. ಹೋದ ಸಲ ಎದ್ದಿಲ್ವಾ?"

"ನಿಂಗೆ ನಾನು ಅಂದ್ರೆ ಲೆಕ್ಕಾನೇ ಇಲ್ಲ."

"ನೀನಂದ್ರೆ ಪ್ರಾಣ. ಆದ್ರೆ ನನ್ನ ಕಾಲು ನಿನ್ನ ಕೈಗೆ ಕೊಡಲ್ಲ. ಹೋಗು, ನಿನ್ನ ಸೀಟಲ್ಲಿ ಕೂತ್ಕೊ."

ಗೂಡ್ರುನ್ ಹೋಗಲಿಲ್ಲ. ಅಮ್ಮ ಬಿದ್ದರೆ ಹಿಡಿದುಕೊಳ್ಳಲೆಂದು ಮೊಣಕೈಯ ಹತ್ತಿರ ಕೈ ಚಾಚಿಕೊಂಡು ಪಕ್ಕದಲ್ಲೇ ನಿಂತಳು. ಹೆರ್ಮೀನೆ ಆ ಕೈಯನ್ನು ತಳ್ಳಿದಳು. ವಾದ್ಯಗಳು ಶುರುವಾದವು.

ಕೃತಿಯ ಮೊದಲ ಭಾಗ ಮುಗಿಯುವಷ್ಟರಲ್ಲಿ ಹೆರ್ಮೀನೆಯ ಬಲ ಮಂಡಿ ಸಣ್ಣಗೆ ನಡುಗತೊಡಗಿತು. ಅವಳು ಅದನ್ನು ಮನಸ್ಸಿನಲ್ಲೇ ಬೈದಳು. ಎರಡನೆಯದು ಮುಗಿದಾಗ ಇಡೀ ಸಭಾಂಗಣ ಅಲ್ಲಿವರೆಗೆ ತಡೆದಿಟ್ಟ ಕೆಮ್ಮನ್ನು ಒಟ್ಟಿಗೇ ಕೆಮ್ಮಿತು. ಆ ಗದ್ದಲದಲ್ಲಿ ನೋಡಿದರೆ ಮಗಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಾಳೆ. ಮುಖ ಬಿಳಿಚಿಕೊಂಡಿದೆ.

"ಮಂಡಿ ಬಿಗಿ ಹಿಡೀಬೇಡ," ಹೆರ್ಮೀನೆ ಪಿಸುಗುಟ್ಟಿದಳು. "ಹಂಗೆ ನಿಂತ್ರೇ ತಲೆ ಸುತ್ತೋದು. ಹೋದ ತಿಂಗಳು ನಾನು ಮಾಡಿದ್ದೂ ಅದೇ ತಪ್ಪು. ಒಂಚೂರು ಸಡಿಲ ಬಿಡು. ಶೂ ಬಿಚ್ಚು."

"ಇಲ್ಲೇನಾ?"

"ಇಷ್ಟು ಹಿಂದೆ ನಿನ್ನ ಕಾಲು ಯಾರು ನೋಡ್ತಾರೆ?"

ಗೂಡ್ರುನ್ ಶೂ ಕಳಚಿದಳು. ತಟ್ಟನೆ ಅಮ್ಮನಿಗಿಂತ ಗಿಡ್ಡಗಾದಳು. ನಿಧಾನಗತಿಯ ಮೂರನೆಯ ಭಾಗ ಎಲ್ಲಿಂದಲೋ ಎಂಬಂತೆ ಶುರುವಾಗಿ, ಕಲೆತು, ಒಂದಾಗಿ ಹಿಂದಿನ ಗೋಡೆಯವರೆಗೂ ಬಂತು. ಸ್ವಲ್ಪ ಹೊತ್ತಿಗೆ ಮಗಳ ತಲೆ ಮೆಲ್ಲಗೆ ಹೆರ್ಮೀನೆಯ ಹೆಗಲಿಗೆ ಒರಗಿತು, ಆಮೇಲೆ ಮೈಯ ಭಾರವೂ ಬಂತು. ಹೆರ್ಮೀನೆ ಪಾದಗಳನ್ನು ತುಸು ಅಗಲಿಸಿ, ಹಾಗೇ ನಿಂತಳು.