ಸೀಮೆಗಿಳಿ ಕಟ್ಟಿದ ಪಟ್ಟ

ಕಂಬಂ ಕಣಿವೆಯಲ್ಲಿ ದಣಿವು ಅಂದರೆ ಏನೆಂದು ಯಾರಿಗಾದರೂ ಗೊತ್ತಿದ್ದರೆ ಅದು ಚೆಲ್ಲಮ್ಮಾಳ್‌ಗೆ. ಮಿಕ್ಕವರದೆಲ್ಲ ಬರೀ ಆಕಳಿಕೆ. ಅವಳ ಕಣ್ಣ ಕೆಳಗಿನ ಕಪ್ಪು ಎಷ್ಟು ದಟ್ಟವಾಗಿತ್ತೆಂದರೆ, ಊರಿನ ಹೆಂಗಸರು ಕಾಡಿಗೆ ಕರಡಿಗೆ ತೆರೆಯದೆ ಅಲ್ಲಿಂದಲೇ ಬೆರಳಲ್ಲಿ ಅದ್ದಿಕೊಂಡು ಹೋಗಬಹುದಿತ್ತು. ನಿಂತಲ್ಲೇ ನಿದ್ದೆ ಮಾಡುವುದನ್ನು ಕುದುರೆಗಳು ಅವಳಿಂದ ಕಲಿಯಬೇಕಿತ್ತು. ರಾಗಿ ಬೀಸುವಾಗ ಒಂದು ಸುತ್ತು ಎಚ್ಚರ, ಒಂದು ಸುತ್ತು ತೂಕಡಿಕೆ. ಆದ್ದರಿಂದ ಆ ಮನೆಯ ಹಿಟ್ಟು ಅರ್ಧ ನುಣುಪು, ಅರ್ಧ ತರಿ. ಅವಳಿಗೆ ಬೇಕಾಗಿದ್ದದ್ದು ಚಿನ್ನವಲ್ಲ, ಸೀರೆಯಲ್ಲ. ಒಂದು ಹಗಲು, ಯಾರೂ ಕರೆಯದ ಒಂದೇ ಒಂದು ಹಗಲು, ಕಾಲು ಚಾಚಿ ನಿದ್ದೆ.

ಆ ನಿದ್ದೆಯನ್ನು ತಿಂದದ್ದು ಒಂದು ಹಕ್ಕಿ.

ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ಚೆಲ್ಲಮ್ಮಾಳ್ ಗಂಡ ಮಾಯಾಂಡಿ ಘಟ್ಟದ ಬುಡದವರೆಗೆ ಗಾಡಿಯಲ್ಲಿ ಸುಣ್ಣ ಸಾಗಿಸುತ್ತಿದ್ದ. ಅಲ್ಲಿ ಜ್ವರ ಬಡಿದು ತನ್ನ ಸೀಮೆಗೆ ಹೊರಟಿದ್ದ ಒಬ್ಬ ಬಿಳಿಯ, ತಾನು ಸಾಕಿದ್ದ ಹಕ್ಕಿಯನ್ನು ಇವನ ಗಾಡಿಯ ಮೇಲೆ ಕೂರಿಸಿ, ಅದರ ಜಾತಿ 'ಮಕಾವ್' ಎಂದು ಹೇಳಿ, ಕಣ್ಣೊರೆಸಿಕೊಂಡು ಹೋದ. ಮಕಾವ್‌ಗಳಲ್ಲೇ ಅದು ಚಿಕ್ಕ ತಳಿ; ಕಾಗೆಗಿಂತ ಒಂದು ಹಿಡಿ ದೊಡ್ಡದು, ಅಷ್ಟೆ. ಮೈಯೆಲ್ಲ ಹಸಿರು, ಕೆನ್ನೆಯಲ್ಲಿ ಗರಿಯಿಲ್ಲದ ಬಿಳಿ ಚರ್ಮ, ಮೈಯಷ್ಟೇ ಉದ್ದದ ಬಾಲ, ಅಡಕತ್ತರಿಯಂಥ ಕೊಕ್ಕು. ಬಿಳಿಯನ ಮನೆಯಿಂದ ಬಂದದ್ದಲ್ಲವೇ, ಊರವರು ಅದನ್ನು ದುರೈ, ಅಂದರೆ ದೊರೆ, ಎಂದೇ ಕರೆದರು.

ದೇಹ ಚಿಕ್ಕದು, ಗಂಟಲು ಮಾತ್ರ ಯಾವುದೋ ಆನೆಯ ಕೈಯಿಂದ ಕಡ ತಂದದ್ದು. ಕೋಳಿ ಏಳುವ ಮೊದಲು ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ ದುರೈ ಕೂಗುತ್ತಿತ್ತು. ಆ ಕೂಗಿಗೆ ಉತ್ತಮಪಾಳಯದ ತೋಟಗಳಲ್ಲಿ ಬಾಳೆಗೊನೆಗಳು ಬೆದರಿ ಒಂದೇ ಬೆಳಗಿಗೆ ಹಣ್ಣಾದವು. ಬೋಡಿನಾಯಕನೂರಿನಲ್ಲಿ ಏಲಕ್ಕಿ ಮೂಟೆಗಳ ಹೊಲಿಗೆ ತಾನಾಗಿ ಬಿಚ್ಚಿಕೊಂಡಿತು. ಪೆರಿಯಕುಳದ ಮಾವಿನ ತೋಪಿನ ಕಾವಲುಗಾರ ಕಾಯಿ ಉದುರಿದ್ದಕ್ಕೆ ಗಾಳಿಯನ್ನು ಬೈದನಂತೆ, ಪಾಪ, ಅವನಿಗೇನು ಗೊತ್ತು. ನಂಬದವರು ಆ ತೋಪಿಗೇ ಹೋಗಿ ಕೇಳಲಿ.

"ಸಮುದ್ರ ದಾಟಿ ಬಂದದ್ದು ಡೀ ಇದು! ಮದುರೆ ಜಿಲ್ಲೆಗೇ ಇಂಥದ್ದು ಇನ್ನೊಂದಿಲ್ಲ," ಎಂದು ಮಾಯಾಂಡಿ ಜಗಲಿಯ ಮೇಲೆ ಕೂತು ಎದೆ ಉಬ್ಬಿಸುತ್ತಿದ್ದ.

"ದಾಟಿ ಬಂದದ್ದು ಅದು ತಾನೇ ಮಾಮಾ? ನೀನ್ಯಾಕೆ ಮೇಲುಸಿರು ಬಿಡ್ತೀ?" ಎಂದು ಚೆಲ್ಲಮ್ಮಾಳ್ ಗಂಡನ ಸುತ್ತ ಬಿದ್ದ ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದಳು.

ಮೊದಲು ಅತ್ತೆ ಪೇಚ್ಚಿಯಮ್ಮಾಳ್ ಹಕ್ಕಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಊರಲ್ಲಿ ಗಿಳಿ ಸಾಕಿದವರೆಲ್ಲ ಮಾಡುವಂತೆ ಬಜೆ ತೇಯ್ದು, "ನಾಲಿಗೆಗೆ ತಿಕ್ಕಿಬಿಟ್ರೆ ನಾಳೆಯೇ 'ತಂಬಿರಾನೇ' ಅಂತ ದೇವರ ಹೆಸರು ಹೇಳುತ್ತೆ ನೋಡು," ಎಂದು ಕೊಕ್ಕಿನೊಳಗೆ ಬೆರಳು ಹಾಕಿದಳು. ದುರೈ ದೇವರ ಹೆಸರು ಹೇಳಲಿಲ್ಲ. ಹೇಳಿದವಳು ಪೇಚ್ಚಿಯಮ್ಮಾಳೇ, ಊರ ಎಲ್ಲ ದೇವರನ್ನೂ ಒಂದೇ ಉಸಿರಲ್ಲಿ ಕೂಗಿದಳು. ಬೆಳ್ಳಿ ಉಂಗುರ ಎರಡು ತುಂಡಾಗಿ ಬಿದ್ದಿತ್ತು. ಅದರೊಳಗಿನ ಬೆರಳು ಉಳಿದದ್ದೇ ಪುಣ್ಯ.

"ಇನ್ಮೇಲೆ ಆ ರಾಕ್ಷಸನ್ನ ನೀನೇ ನೋಡ್ಕೊ," ಎಂದು ಸೊಸೆಯ ಕಡೆ ತಳ್ಳಿದಳು.

ಹಾಗೆ ಅದು ಚೆಲ್ಲಮ್ಮಾಳ್‌ಗೆ ಅಂಟಿತು. ಅವಳ ಕೈಯಿಂದಲೇ ತಿನ್ನಬೇಕು: ನೆನೆಸಿದ ಕಡಲೆ, ಸೀಬೆಹಣ್ಣು, ತೆಂಗಿನ ಚೂರು. ಒಂದು ದಿನ ಪ್ರೀತಿಗೆಂದು ಉಪ್ಪು ಹಾಕಿದ ಮೊಸರನ್ನ ಇಟ್ಟಳು. ಅದು ಮೂರು ಹೊತ್ತೂ ನೀರಾಗಿ ಹೇತು, ತೂಗಾಡುತ್ತ ಕೂತಿತು. ಅಂದಿನಿಂದ ಉಪ್ಪಿನ ಮಡಕೆಯ ಹತ್ತಿರಕ್ಕೂ ಬಿಡಲಿಲ್ಲ. ಬಿಸಿಲು ಏರಿದಾಗ ಬೊಗಸೆಯಲ್ಲಿ ನೀರು ತುಂಬಿ ಬೆರಳ ಸಂದಿಯಿಂದ ತುಂತುರು ಹನಿಸಬೇಕು. ರೆಕ್ಕೆ ಬಿಚ್ಚಿ ಅದು ಕುಣಿಯುವಾಗ ಅವಳ ಸೀರೆಯೂ ಒದ್ದೆ. ಹೊಸ ಗರಿ ಮುಳ್ಳಿನಂತೆ ಮೂಡಿದಾಗ ತಲೆ ಬಗ್ಗಿಸಿ ಕೊಡುತ್ತಿತ್ತು; ಉಗುರಲ್ಲಿ ಮೆಲ್ಲಗೆ ಒಂದೊಂದರ ಪೊರೆ ಬಿಡಿಸಬೇಕು. ಕೊಕ್ಕಿಗೆ ಕೆಲಸವಿಲ್ಲದಿದ್ದರೆ ಮನೆಗೇ ಕೇಡು. ಬಾಗಿಲ ಚೌಕಟ್ಟು ತಿಂದಿತು, ಒನಕೆಯನ್ನು ಹಲ್ಲುಕಡ್ಡಿ ಮಾಡಿತು, ಮಾಯಾಂಡಿ ಮಲಗಿದ್ದಾಗಲೇ ಮಂಚದ ಕಾಲು ಕಡಿದು ಅವನನ್ನು ನೆಲಕ್ಕಿಳಿಸಿತು. ಹುಣಿಸೆ ಕೊಂಬೆ, ಒಣ ಜೋಳದ ದಂಟು, ತೆಂಗಿನ ಚಿಪ್ಪು ಕೊಟ್ಟರೆ ಚೂರು ಮಾಡುತ್ತ ಸುಮ್ಮನಿರುತ್ತದೆ ಎಂದು ಚೆಲ್ಲಮ್ಮಾಳ್ ತಾನೇ ಕಂಡುಕೊಂಡಳು. ಆ ಚೂರುಗಳನ್ನು ಗುಡಿಸುವವಳೂ ಅವಳೇ.

ಇದರ ಜೊತೆಗೆ ಹಟ್ಟಿ, ಸಗಣಿ, ಬಾವಿ, ಒಲೆ, ಮನೆ ತುಂಬ ಉಣ್ಣುವ ಬಾಯಿ. ಯಾವುದೂ ಕಡಿಮೆಯಾಗಲಿಲ್ಲ. ಅವಳು ಕಣ್ಣಿಗೆ ಮರೆಯಾದರೆ ದುರೈ ಕೂಗು. ಮಲಗಲೆಂದು ಒಳಗೆ ಹೋದರೆ ಕೂಗು. ಬಿಟ್ಟು ಹೋಗಿಬಿಡೋಣವೆಂದರೆ ಅದೂ ಆಗಲಿಲ್ಲ. ಉತ್ತಮಪಾಳಯದ ನೆಂಟರ ಮದುವೆಗೆ ಒಮ್ಮೆ ಹೋಗಿ ಬಂದಿದ್ದಳು. ಹಿಂದಿರುಗಿ ನೋಡಿದರೆ ಹಕ್ಕಿ ಮೂಲೆಯಲ್ಲಿ ಮುದುಡಿತ್ತು. ತನ್ನ ಎದೆಯ ಗರಿಗಳನ್ನೆಲ್ಲ ತಾನೇ ಕಿತ್ತು ಹಾಕಿಕೊಂಡಿತ್ತು. ಬರಿದಾದ ಚರ್ಮದಡಿ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಇಟ್ಟ ಕಡಲೆ ಇಟ್ಟಂತೆಯೇ ಇತ್ತು. ಅವಳು ಅದನ್ನು ಸೆರಗಲ್ಲಿ ಸುತ್ತಿಕೊಂಡು ಅಲ್ಲೇ ಕೂತಳು. ಬೈಯಲು ಬಾಯಿ ತೆರೆದಳು. ಬೈಗುಳಕ್ಕೂ ಶಕ್ತಿ ಬೇಕಲ್ಲ.

"ಪಾಪಿ, ನಿನ್ನನ್ನ ಸಾಯಕ್ಕೂ ಬಿಡಲಾರೆ, ನಾನು ಬದುಕಕ್ಕೂ ಆಗ್ತಿಲ್ಲ," ಅಂದಳು.

ಕೊನೆಗೊಂದು ಮಧ್ಯಾಹ್ನ ಒಲೆಯ ಮುಂದೆ ಊದುಕೊಳವೆ ಬಾಯಲ್ಲಿಟ್ಟುಕೊಂಡೇ ಅವಳಿಗೆ ನಿದ್ದೆ ಹತ್ತಿತು. ಸೆರಗಿಗೆ ಬೆಂಕಿ ತಾಗಿತು. ಪೇಚ್ಚಿಯಮ್ಮಾಳ್ ಮಜ್ಜಿಗೆ ಮಡಕೆಯನ್ನೇ ಸುರಿದು ಆರಿಸಿದಳು. ಸೊಸೆ ಉಳಿದಳು, ಮಜ್ಜಿಗೆ ಹೋಯಿತು. ಅತ್ತೆ ಎರಡಕ್ಕೂ ಸಮನಾಗಿ ಗೋಳಾಡಿದಳು.

ಗದ್ದಲಕ್ಕೆ ಊರ ಹಿರಿಯ ಚಿನ್ನತಂಬಿ ಗೌಡ ಬಂದ. ದೇವರಿಗೆ ಬಿಟ್ಟ ತಂಬಿರಾನ್ ದನದ ಹಿಂಡಿನ ಯಜಮಾನ ಅವನೇ. ಅವನ ಮೀಸೆಯ ಒಂದು ತುದಿ ಕಂಬಂನಲ್ಲಿದ್ದರೆ ಇನ್ನೊಂದು ಗೂಡಲೂರಿನಲ್ಲಿ ಇರುತ್ತಿತ್ತು. ಚೆಲ್ಲಮ್ಮಾಳ್ ಮಜ್ಜಿಗೆ ಸುರಿಯುವ ತಲೆಯಲ್ಲೇ ಅವನ ಮುಂದೆ ನಿಂತಳು.

"ದೊಡ್ಡಪ್ಪಾ, ಈ ಹಕ್ಕೀನ ಯಾರಾದ್ರೂ ತಕ್ಕೊಂಡು ಹೋಗ್ಲಿ. ನನಗೆ ಒಂದು ಹಗಲು ನಿದ್ದೆ ಬೇಕು. ಅಷ್ಟೇ."

"ನನ್ನ ಹಕ್ಕೀನ ಕೊಡೋದಾ?" ಮಾಯಾಂಡಿ ಜಗಲಿಯಿಂದ ಎದ್ದ.

"ನೀನು ಅದಕ್ಕೆ ಒಂದು ಕಡಲೆ ಬಿಡಿಸಿ ಕೊಟ್ಟಿದ್ದೀಯಾ ಡಾ?" ಎಂದ ಗೌಡ. ಮಾಯಾಂಡಿ ಕೂತ.

ಆದರೆ ಕೊಡುವುದು ಯಾರಿಗೆ? ಮಾಯಾಂಡಿ ಹೊಡೆದ ಜಂಬವೆಲ್ಲ ಈಗ ತಿರುಗಿ ಬಂತು. ಸಮುದ್ರ ದಾಟಿದ ಹಕ್ಕಿ ತನಗೆ ಬೇಕೆಂದು ಇಡೀ ಊರು ಮೇಲೆ ಬಿತ್ತು. ಅಣ್ಣ ತಮ್ಮಂದಿರೇ ಜಗಳಕ್ಕೆ ಪಂಚೆ ಎತ್ತಿ ಕಟ್ಟಿದರು. ಆಗ ಗೌಡ ಕೈ ಎತ್ತಿದ.

"ಶಂಡೆ ಬೇಡ. ನಮ್ಮ ಪಟ್ಟದ ಹೋರೀನ ನಾವು ಹೆಂಗೆ ಆರಿಸ್ತೀವಿ? ಹಂಗೇ ಆಗ್ಲಿ. ಮನುಷ್ಯ ಆರಿಸಿದ್ರೆ ಜಗಳ, ಕಬ್ಬು ಆರಿಸಿದ್ರೆ ದೇವರು."

ಅದು ಅವರ ಕುಲದ ಪದ್ಧತಿ. ಹಿಂಡಿನ ಪಟ್ಟದ ಹೋರಿ ಸತ್ತರೆ ದನಗಳನ್ನೆಲ್ಲ ಸೇರಿಸಿ, ಕರ್ಪೂರ ಹಚ್ಚಿ, ಮುಂದೆ ಕಬ್ಬು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಆ ಕಬ್ಬು ತಿನ್ನುತ್ತದೋ ಅದಕ್ಕೇ ಪಟ್ಟ. ಅರಿಸಿನ ಬಳಿದು ಮಾಲೆ ಹಾಕಿದ ಮೇಲೆ ಆ ಹೋರಿಯ ಹೆಗಲಿಗೆ ಯಾರೂ ನೊಗ ಇಡುವಂತಿಲ್ಲ, ಕೋಲು ಎತ್ತುವಂತಿಲ್ಲ. ಇಟ್ಟವರ ಮನೆ ಉಳಿಯದೆಂದು ಎಲ್ಲರ ನಂಬಿಕೆ. ಹಕ್ಕಿಯ ವಿಷಯಕ್ಕೂ ಅದನ್ನೇ ಹೂಡಬಹುದೆಂದು ಆ ಗೌಡನಿಗಲ್ಲದೆ ಭೂಮಿಯ ಮೇಲೆ ಇನ್ಯಾರಿಗೂ ಹೊಳೆಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹಟ್ಟಿಯ ಮುಂದಿನ ಬಯಲಲ್ಲಿ ಊರೇ ಸಾಲಾಗಿ ಕೂತಿತು. ಒಬ್ಬೊಬ್ಬರ ಕೈಯಲ್ಲೂ ಸಿಪ್ಪೆ ಸುಲಿದ ಕಬ್ಬಿನ ತುಂಡು. ಸಾಲಿನ ಈ ತುದಿಯಲ್ಲಿ ಕೂತವನಿಗೆ ಆ ತುದಿಯಲ್ಲಿ ಕೂತವನು ಇರುವೆಯಷ್ಟು ಕಾಣುತ್ತಿದ್ದ, ಅಷ್ಟು ಜನ. ಯಾರ ಕಬ್ಬು ತೆಗೆದುಕೊಳ್ಳುತ್ತದೋ ಅವರದು ಹಕ್ಕಿ. ಚೆಲ್ಲಮ್ಮಾಳ್ ಕಣ್ಣಿಗೆ ಬಿದ್ದರೆ ಅದು ಬೇರೆ ಕಡೆ ನೋಡುವುದಿಲ್ಲವೆಂದು ಅವಳನ್ನು ಹುಲ್ಲಿನ ಬಣವೆಯ ಹಿಂದೆ ಕೂರಿಸಿದರು. ಕರ್ಪೂರ ಹಚ್ಚಿದರು. ಗೌಡ ಕೈ ಮುಗಿದು ದೊಡ್ಡ ದನಿಯಲ್ಲಿ ಹೇಳಿದ:

"ತಂಬಿರಾನೇ, ಕಬ್ಬಿನ ತೀರ್ಪೇ ತೀರ್ಪು. ನಾನು ಮೀರಿದ್ರೂ ನನ್ನ ಮನೆ ಉಳಿಯೋದು ಬೇಡ."

ದುರೈಯನ್ನು ಕೆಳಗೆ ಬಿಟ್ಟರು. ಗರಿ ಕಿತ್ತ ಎದೆ ಮುಂದೆ ಮಾಡಿಕೊಂಡು, ಕುಂಟು ಅಮಲ್ದಾರನ ಹಾಗೆ ಓಲಾಡುತ್ತ, ಅದು ಸಾಲಿನುದ್ದಕ್ಕೂ ನಡೆಯಿತು. ಜನ ಮುದ್ದಿಸಿದರು, ಗೋಗರೆದರು, ಅಂಬಾ ಎಂದವರೂ ಇದ್ದರು. ಮಾಯಾಂಡಿ "ನನ್ನ ರಾಜಾ" ಎಂದು ಕಬ್ಬು ಚಾಚಿದ. ಅದು ಅವನ ಕಾಲಿನ ಹೆಬ್ಬೆರಳನ್ನು ಕಚ್ಚಿ ಮುಂದೆ ಹೋಯಿತು. ಕೊನೆಗೆ ಗೌಡನ ಮುಂದೆ ನಿಂತು, ಮೀಸೆಯನ್ನು ಒಮ್ಮೆ ನೋಡಿ, ಅವನ ಕೈಯ ಕಬ್ಬನ್ನು ಕೊಕ್ಕಿನಲ್ಲಿ ಕಿತ್ತುಕೊಂಡಿತು.

"ದೊಡ್ಡಗೌಡ್ರಿಗೇ ಪಟ್ಟ!" ಎಂದು ಜನ ಎದ್ದು ನಿಂತರು.

"ತಡೀರಿ ಡಾ, ಇನ್ನೂ ತಿಂದಿಲ್ಲ," ಎಂದ ಗೌಡ.

ತಿನ್ನಲೂ ಇಲ್ಲ. ಕಬ್ಬು ಕಚ್ಚಿಕೊಂಡೇ ದುರೈ ಬಯಲು ದಾಟಿತು, ಬಣವೆ ಬಳಸಿತು. ಊರು ಅದರ ಹಿಂದೆ ನಡೆಯಿತು.

ಬಣವೆಯ ಹಿಂದೆ ಚೆಲ್ಲಮ್ಮಾಳ್ ಹುಲ್ಲಿಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಕರೆಯುವವರಿಲ್ಲದ ಒಂದು ಗಳಿಗೆ ಸಿಕ್ಕಿತ್ತಲ್ಲ. ದುರೈ ಅವಳ ಮಡಿಲು ಹತ್ತಿ, ಎದೆ ಹತ್ತಿ, ಕಬ್ಬನ್ನು ಕಚ್ಚಿ ಅಗಿದು, ರಸ ಒಸರುವ ತುಂಡನ್ನು ಮರಿಗೆ ಗುಟುಕು ಕೊಡುವಂತೆ ಅವಳ ಬಾಯಿಗಿಟ್ಟಿತು. ಆ ಜಾತಿಯ ಹಕ್ಕಿಗಳು ಮೆಚ್ಚಿದವರಿಗೆ ಹಾಗೆಯೇ ಮಾಡುವುದು. ನಿದ್ದೆಯಲ್ಲೇ ಚೆಲ್ಲಮ್ಮಾಳ್ ದವಡೆ ಆಡಿತು. ಒಮ್ಮೆ, ಇನ್ನೊಮ್ಮೆ. ಊರೆಲ್ಲ ನೋಡುತ್ತಿರಲು ಅವಳು ಕಬ್ಬು ಅಗಿದು ರಸ ನುಂಗಿದಳು.

ಇರುವೆ ಕೆಮ್ಮಿದ್ದರೂ ಕೇಳುತ್ತಿತ್ತು.

ಮೊದಲು ಬಾಯಿ ಬಂದದ್ದು ಮಾಯಾಂಡಿಗೆ. "ಸರಿ, ಅವಳನ್ನೇ ಆರಿಸ್ತು. ಹಕ್ಕಿ ನಮ್ಮನೇಲೇ ಉಳೀತು! ಏಳು ಡೀ, ಹೊತ್ತಾಯ್ತು, ಒಲೆ ಹಚ್ಚು."

ಚೆಲ್ಲಮ್ಮಾಳ್ ಕಣ್ಣು ತೆರೆದಳು. ಎದೆಯ ಮೇಲೆ ಹಕ್ಕಿ, ಸುತ್ತ ಊರು, ಬಾಯಲ್ಲಿ ಸಿಹಿ. ಏನಾಯಿತೆಂದು ಕೇಳಿದಳು. ಹೇಳಿದರು. ಅವಳು ಹಿಪ್ಪೆ ಉಗಿದಳು. ಹಕ್ಕಿ ತನ್ನಿಂದ ಹೋಗುವುದಿಲ್ಲವೆಂಬುದು ಮೈಯೊಳಗೆ ಮೆಲ್ಲಗೆ ಇಳಿಯಿತು, ಮರಳು ಮೂಟೆಯ ಹಾಗೆ. ಏಳಲೆಂದು ಕೈ ಊರಿದಳು. ಕೈ ಬರಲಿಲ್ಲ.

"ಕಬ್ಬು ತಿಂದದ್ದು ಯಾರು ದೊಡ್ಡಪ್ಪಾ?" ಎಂದಳು, ಕೂತಲ್ಲಿಂದಲೇ.

"ನೀನೇ ಮಾ."

"ಕಬ್ಬು ತಿಂದದ್ದಕ್ಕೆ ಏನು ಕಟ್ತೀರಿ?"

ಗೌಡ ಮೀಸೆ ಮುಟ್ಟಿಕೊಂಡ. "ಪಟ್ಟ..."

"ಪಟ್ಟ ಕಟ್ಟಿದ್ದಕ್ಕೆ ನೊಗ ಇಡ್ತೀರಾ?"

"ಏಯ್, ಅದು ದನಕ್ಕೆ ಡೀ!" ಎಂದು ಮಾಯಾಂಡಿ ನಕ್ಕ. "ನೀನೇನು ಹಸುವಾ?"

"ನೀನು ನನ್ನನ್ನ ಇಷ್ಟು ದಿನ ಏನು ಅಂದ್ಕೊಂಡಿದ್ದೆ ಮಾಮಾ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಆ ನಗುವಿಗೆ ಬಣವೆಯ ಅರ್ಧ ಹುಲ್ಲು ಹಾರಿ ಹೋಯಿತು. ಗೌಡ ನಗಲಿಲ್ಲ. ಕರ್ಪೂರದ ಮುಂದೆ ತಾನೇ ಆಡಿದ ಮಾತು, ತನ್ನದೇ ಕೈಯ ಕಬ್ಬು. ಹಕ್ಕಿಯ ಪಾಲಕನನ್ನು ಆರಿಸಲು ಹೋಗಿ ಏನು ಮಾಡಿಕೊಂಡೆವೆಂದು ಅವನು ಲೆಕ್ಕ ಹಾಕುತ್ತಲೇ ಇದ್ದ, ಅಷ್ಟರಲ್ಲಿ ಜನರನ್ನು ತಳ್ಳಿಕೊಂಡು ಪೇಚ್ಚಿಯಮ್ಮಾಳ್ ಬಂದಳು. ಸೊಸೆಯ ಮೇಲೆ ಅವಳಿಗೆ ಪ್ರೀತಿ ಇತ್ತೆಂದು ಯಾರೂ ದೂರುವಂತಿಲ್ಲ. ಆದರೆ ತಂಬಿರಾನ್ ಎಂದರೆ ಅವಳಿಗೆ ಇದ್ದ ಭಯ, ಹುಲಿಗೆ ಬೆಂಕಿ ಎಂದರೂ ಇರಲಿಕ್ಕಿಲ್ಲ. ಕೈಯಲ್ಲಿ ಅರಿಸಿನದ ಬಟ್ಟಲಿತ್ತು.

"ಬಾಯಿ ಮುಚ್ಚು ಡಾ ಮಾಯಾಂಡಿ! ಕಬ್ಬು ತಿಂದಾಗಿದೆ, ಎಲ್ಲರೂ ಕಂಡಾಗಿದೆ. ಅವಳ ಹೆಗಲಿಗೆ ಕೆಲಸ ಇಟ್ಟು ನನ್ನ ಮನೆ ಅಳೀಬೇಕಾ?" ಎಂದು ಸೊಸೆಯ ಹಣೆಗೆ, ಕೆನ್ನೆಗೆ ಅರಿಸಿನ ಬಳಿದಳು. ಹಕ್ಕಿಗೂ ಬಳಿಯಲು ಹೋದವಳು ತನ್ನ ಉಂಗುರ ನೆನಪಾಗಿ ಕೈ ಹಿಂತೆಗೆದಳು.

"ಎಷ್ಟು ದಿನ ಅಮ್ಮಾ?" ಮಾಯಾಂಡಿ ದನಿ ಇಳಿದಿತ್ತು.

"ಹೋರಿಗೆ ಎಷ್ಟು ದಿನವೋ ಅಷ್ಟು."

"ಅದು ಸಾಯೋವರೆಗೂ ಅಲ್ವಾ!"

"ಹಂಗಾದ್ರೆ ಬಾವಿ ಹಗ್ಗ ಎಲ್ಲಿದೆ ಅಂತ ಈಗ್ಲೇ ಕಲ್ತ್ಕೊ."

ಚೆಲ್ಲಮ್ಮಾಳ್‌ಗೆ ಗೆದ್ದೆನೆಂದು ನಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಯಾರೋ ಮಂಚ ತಂದರು. ಬೇವಿನ ನೆರಳಲ್ಲಿ ಹಾಕಿದರು. ಅವಳು ಒರಗಿದಳು. ದುರೈಗೆ ಇನ್ನು ಹುಡುಕಲು ಯಾರಿದ್ದಾರೆ? ಅವಳು ಅಲ್ಲೇ ಇದ್ದಳು, ಎಲ್ಲಿಗೂ ಏಳಲಿಲ್ಲ. ಅದು ಅವಳ ಭುಜದ ಗುಳಿಯಲ್ಲಿ ಕೊಕ್ಕು ಹುದುಗಿಸಿ, ಒಂದು ಕಾಲು ಮಡಚಿ, ಬಂದ ದಿನದಿಂದ ಮೊದಲ ಬಾರಿಗೆ ಹಗಲಲ್ಲಿ ಕಣ್ಣು ಮುಚ್ಚಿತು.

ಅವಳ ಕನಸಲ್ಲಿಯೂ ಅಂಗಳ ತುಂಬ ಕಡಲೆ ಸಿಪ್ಪೆ ಬಿದ್ದಿತ್ತು. ಗುಡಿಸಲು ಪೊರಕೆ ಎತ್ತಿಕೊಂಡಳು, ಎರಡು ಸಲ ಬೀಸಿದಳು, ಆಮೇಲೆ ಅದನ್ನು ಗೋಡೆಗೆ ಒರಗಿಸಿದಳು.

ಬಾವಿಯ ಕಡೆಯಿಂದ ರಾಟೆ ಕಿರ್ರೆಂದಿತು. ಅರ್ಧ ಕೊಡ ನೀರು ಕಾಲ ಮೇಲೆ ಚೆಲ್ಲಿಕೊಂಡು ಮಾಯಾಂಡಿ ಏನೋ ಬೈದ.

"ಮೆಲ್ಲಗೆ ಎಳಿ ಡಾ," ಎಂದು ಪೇಚ್ಚಿಯಮ್ಮಾಳ್ ಪಿಸುಗುಟ್ಟಿದಳು. "ಮಲಗಿದ್ದಾಳೆ."