ಕೆಳಗಿಳಿದ ಕೈ

ಬಿದ್ದು ಕೈ ಎತ್ತುವುದರಲ್ಲಿ ನಮ್ಮಣ್ಣ ಕೆಂಚಪ್ಪನನ್ನು ಮೀರಿಸುವವರು ಗಿರಣಿ ಬೀದಿಯಲ್ಲೇ ಇರಲಿಲ್ಲ. ಫುಟ್‌ಬಾಲ್ ಆಡುವಾಗ ಎದುರಾಳಿಯ ಗಾಳಿ ಸೋಕಿದರೂ ಸಾಕು, ಕೆಂಪು ಮಣ್ಣಿನಲ್ಲಿ ಉರುಳಾಡಿ, ಬಲಗೈ ಮೇಲೆತ್ತಿ, "ಅಯ್ಯಯ್ಯೋ" ಎಂದು ಕೂಗುತ್ತಿದ್ದ. ಸೀಟಿ ಊದಿದ ಕೂಡಲೇ ಮಣ್ಣು ಕೊಡವಿಕೊಂಡು ನಗುತ್ತ ಏಳುತ್ತಿದ್ದ. ಗೆರೆಯಾಚೆ ನಿಂತ ಅವ್ವ, "ನೋಡ್ರವ್ವ ನನ್ ಮಗನ ನಾಟ್ಕಾನ!" ಎಂದು ತಾನೂ ನಗುತ್ತಿದ್ದಳು.

ಕೆರೆಯಾಚೆಯ ಕ್ಲಬ್ಬಿನವರ ಆಟ ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಓಡುವವನನ್ನು ಹಿಡಿದು ಕೆಡವುವುದು. ಫುಟ್‌ಬಾಲಿನವರೆಂದರೆ ಅವರ ಕಣ್ಣಿಗೆ ಸುಳ್ಳೇ ಬೀಳುವ ಪುಂಡರು. ನಮ್ಮವರೇನು ಕಡಿಮೆಯೇ? ರಗ್ಬಿಯೆಂದರೆ ತಿಂದದ್ದು ಅರಗಲೆಂದು ದೊಡ್ಡಮನೆಯ ಮಕ್ಕಳು ತಬ್ಬಿಕೊಂಡು ಹೊರಳಾಡುವುದು ಎಂದು ಆಡಿಕೊಳ್ಳುತ್ತಿದ್ದರು. ಒಬ್ಬರ ಆಟವನ್ನು ಇನ್ನೊಬ್ಬರು ನೆಟ್ಟಗೆ ನೋಡಿದ್ದೇ ಇಲ್ಲ.

ಒಮ್ಮೆ ಪರವೂರಿನ ತಂಡ ಬಂದಾಗ ಕ್ಲಬ್ಬಿನವರಿಗೆ ಒಬ್ಬ ಆಟಗಾರ ಕಡಿಮೆಬಿದ್ದ. ಅಣ್ಣನ ಓಟದ ಸುದ್ದಿ ಕೇಳಿದ್ದ ಅವರ ನಾಯಕ ನರೇಂದ್ರ ಅರಸು ನಮ್ಮ ಮನೆ ಬಾಗಿಲಿಗೇ ಬಂದರು. "ಆಟ ಮುಗಿದ ಮೇಲೆ ಊಟ ನಮ್ಮ ಜೊತೆ, ಒಳಗೆ" ಎಂದರು. ಅವ್ವ ಅದೇ ಕ್ಲಬ್ಬಿನ ಹಿತ್ತಲಲ್ಲಿ ಎಷ್ಟೋ ವರ್ಷ ಪಾತ್ರೆ ತೊಳೆದವಳು. ಅಲ್ಲಿನ ಊಟದ ಮೇಜಿಗೆ ಕೂತವರು ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಅಣ್ಣನ ಮುಖ ಅರಳಿತು. ಹೊರಡುವಾಗ ಅರಸು ನಗುತ್ತ ಒಂದು ಮಾತು ಸೇರಿಸಿದರು: "ಒಂದೇ ವಿಷಯ ಕೆಂಚಪ್ಪ. ನಮ್ಮಲ್ಲಿ ಬಿದ್ದರೆ ಕೈ ಎತ್ತೋ ಪದ್ಧತಿ ಇಲ್ಲ."

ಅಂದು ಅಣ್ಣನನ್ನು ಹಿಡಿಯಲು ಬಹಳ ಹೊತ್ತು ಯಾರಿಂದಲೂ ಆಗಲಿಲ್ಲ. ಕೊನೆಗೆ ಎದುರು ತಂಡದ ಇಬ್ಬರು ದಢೂತಿಗಳು ಒಟ್ಟಿಗೆ ಮೇಲೆ ಬಿದ್ದರು. ಒಬ್ಬನ ಮೊಣಕಾಲು ಅಣ್ಣನ ಪಕ್ಕೆಗೆ ಬಡಿಯಿತು. ಬೇಲಿಯಾಚೆ ನಿಂತಿದ್ದ ನನಗೆ, ಅಣ್ಣನ ಬಲಗೈ ಹುಲ್ಲಿನಿಂದ ಗೇಣುದ್ದ ಮೇಲೆದ್ದದ್ದು ಕಂಡಿತು.

"ಏಳಪ್ಪಾ, ಇದು ಫುಟ್‌ಬಾಲ್ ಅಲ್ಲ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೈ ಕೆಳಗಿಳಿಯಿತು. ಅಣ್ಣ ಎದ್ದು ಆಟ ಮುಗಿಸಿದ.

ಆಸೆಪಟ್ಟ ಮೇಜಿಗೆ ಕೂತನಂತೆ, ತುತ್ತು ಇಳಿಯಲಿಲ್ಲವಂತೆ. ಮನೆಗೆ ಬಂದು ಪಕ್ಕೆ ಹಿಡಿದು ಕೂತಾಗ ಅಪ್ಪ ಛೇಡಿಸಿದ, "ಏನ್ಲಾ, ದೊಡ್ಡೋರು ತಬ್ಕೊಂಡಿದ್ದಕ್ಕೇ ನೋವಾಯ್ತಾ?"

"ಏನಿಲ್ಲ ಕಣಪ್ಪ" ಎಂದು ನಕ್ಕು, ಅಣ್ಣ ಗೋಡೆಯ ಕಡೆ ಹೊರಳಿ ಮಲಗಿದ. ಬೆಳಿಗ್ಗೆ ಅವ್ವ ಎಬ್ಬಿಸಿದರೆ ಏಳಲಿಲ್ಲ. ಹೊಟ್ಟೆಯೊಳಗೇ ರಕ್ತ ಸೋರಿದೆ, ಆಗಲೇ ಹೇಳಿದ್ದರೆ ಉಳಿಯುತ್ತಿದ್ದ ಎಂದರು ಡಾಕ್ಟರು. ಅಪ್ಪ ಆಮೇಲೆ ಯಾರನ್ನೂ ಛೇಡಿಸಿದ್ದನ್ನು ನಾನು ಕಾಣೆ.

ಅರಸು ಬಂದರು. ಅಂಗಳದಲ್ಲಿ ತಲೆ ತಗ್ಗಿಸಿ ನಿಂತು, "ಅವನು ಕೈ ಎತ್ತಲೇ ಇಲ್ಲ ತಾಯಿ" ಎಂದರು. ಅವರ ಕಣ್ಣಲ್ಲೂ ನೀರಿತ್ತು.

"ಎತ್ತಬ್ಯಾಡ ಅಂದಿದ್ರಲ್ಲ ಸ್ವಾಮಿ" ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ವರ್ಷ ತುಂಬಿದ ಮೇಲೆ ಅವ್ವ ಮತ್ತೆ ಗಿರಣಿ ಮೈದಾನದ ಗೆರೆಯ ಬಳಿ ಬಂದು ನಿಂತಳು. ಆಟದ ನಡುವೆ ಒಬ್ಬ ಬಿದ್ದು ಹೊರಳಾಡಿದ. ಅವನಿಗಿಂತ ಮೊದಲೇ ಅವ್ವನ ಕೈ ಮೇಲೆದ್ದಿತು. ಆಟ ನಿಂತಿತು.

"ಬುಡವ್ವ, ಅವ್ನು ನಾಟ್ಕ ಆಡ್ತಾವ್ನೆ" ಎಂದರು ಪಕ್ಕದಲ್ಲಿದ್ದವರು.

"ನಾಟ್ಕ ಆದ್ರೆ ಒಳ್ಳೇದೇ ಆಯ್ತಲ್ಲಪ್ಪ" ಎಂದಳು. ಬಿದ್ದವನು ಮಣ್ಣು ಕೊಡವಿಕೊಂಡು, ನಗುತ್ತ ಎದ್ದು ನಿಲ್ಲುವವರೆಗೂ ಆ ಕೈ ಕೆಳಗಿಳಿಯಲಿಲ್ಲ.