ಗೋಪುರದ ಪಾವು

ಜಯಶೀಲಾಗೆ ತನ್ನ ಕೇಕಿನ ಬಗ್ಗೆ ಇದ್ದ ಹೆಮ್ಮೆ ಸಣ್ಣದಲ್ಲ. ಬನಶಂಕರಿಯ ಮನೆಯಲ್ಲೇ ಮೊಟ್ಟೆ ಹಾಕದ ಕೇಕ್ ಮಾಡಿ ಮಾರುವ ಅವಳು ಮೈದಾದಿಂದ ಬೆಣ್ಣೆಯವರೆಗೆ ಎಲ್ಲವನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಯೇ ಹಾಕುವವಳು. ಗಿರಿನಗರದ ಮಹಿಳಾ ಸಮಾಜದವರು, ವಾರ್ಷಿಕೋತ್ಸವದ ಕೇಕನ್ನು ಈ ಸಲ ನಾವೇ ಮಾಡುತ್ತೇವೆ, ನೀನು ಹೇಳಿಕೊಡು ಎಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತೊಡಕು ಒಂದೇ. ಅವರಲ್ಲಿ ಯಾರ ಮನೆಯಲ್ಲೂ ತಕ್ಕಡಿ ಇರಲಿಲ್ಲ, ಇದ್ದದ್ದು ಅಕ್ಕಿ ಅಳೆಯುವ ಪಾವು. ಅದಕ್ಕೇನಂತೆ ಎಂದು ಜಯಶೀಲಾ ತನ್ನ ಪಾವಿಗೆ ಮೈದಾ ತುಂಬಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸಮನಾಗಿ ಸವರಿ ತೂಗಿದಳು. ನೂರಿಪ್ಪತ್ತು ಗ್ರಾಂ ಬಂತು. ಕೇಕಿಗೆ ಬೇಕಾದ್ದು ಇನ್ನೂರನಲವತ್ತು. ಎರಡು ಪಾವು ಮೈದಾ, ಒಂದು ಪಾವು ಹಾಲು ಎಂದು ಉಳಿದ ಅಳತೆಗಳ ಜೊತೆ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ ನಿಶ್ಚಿಂತಳಾದಳು.

ಶನಿವಾರ ಎಲ್ಲರೂ ಪರೀಕ್ಷೆಗೆಂದು ಮಾಡಿದ ತಮ್ಮ ತಮ್ಮ ಕೇಕು ಹಿಡಿದು ಸಮಾಜದ ಸಭಾಂಗಣಕ್ಕೆ ಬಂದರು. ಒಂದೂ ಉಬ್ಬಿರಲಿಲ್ಲ. ಬೆಲ್ಲದ ಅಚ್ಚನ್ನು ಒಡೆದಂತೆ ಒಡೆಯಬೇಕಿತ್ತು.

"ಬೇಜಾರು ಮಾಡ್ಕೋಬೇಡಮ್ಮ ಜಯಶೀಲಾ," ಎಂದರು ಅಧ್ಯಕ್ಷೆ ಸೀತಾಲಕ್ಷ್ಮಿ. "ಈ ಸಲ ಬೇಕರಿಗೇ ಆರ್ಡರ್ ಕೊಟ್ಬಿಡೋಣ."

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ತಾನು ಹೇಳಿಕೊಟ್ಟ ಕೇಕು ಇರಬೇಕಾದ ಮೇಜಿನ ಮೇಲೆ ಬೇಕರಿಯ ಡಬ್ಬ ಕೂತರೆ, ಇವರೆದುರು ತಲೆಯೆತ್ತಿ ಓಡಾಡುವುದು ಹೇಗೆ?

"ಒಂದ್ಸಲ ನನ್ನೆದುರಿಗೆ ಮಾಡಿ ಆಂಟಿ. ಆಮೇಲೆ ಬೇಕರಿಗೆ ಹೇಳೋರಂತೆ."

ಮರುದಿನ ಬೆಳಿಗ್ಗೆ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಅವರ ಅಡುಗೆಮನೆಗೆ ಹೋಗಿ ನಿಂತಳು. ಸೀತಾಲಕ್ಷ್ಮಿ ಪಾವನ್ನು ಮೈದಾ ಡಬ್ಬಕ್ಕೆ ಒತ್ತಿ ಎತ್ತಿದರು. ಕಟ್ಟೆಗೆ ಕುಟ್ಟಿದರು. ಮೇಲೆ ಮತ್ತೆ ಸುರಿದು ಗೋಪುರ ಕಟ್ಟಿದರು. ಪಾತ್ರೆಗೆ ಹಾಕುವ ಮುಂಚೆ ಬೆರಳ ತುದಿಯಲ್ಲಿ ಇನ್ನೊಂದು ಚಿಟಿಕೆ ಏರಿಸಿದರು.

"ಸವರಲ್ವಾ ಆಂಟಿ?"

"ಸವರೋದಾ? ಅದು ಅಂಗಡಿಯವರ ಅಳತೆ. ಮನೇಲಿ ಸವರಿ ಅಳೆದ್ರೆ ಅನ್ನಪೂರ್ಣೆ ಮುನಿಸ್ಕೋತಾಳೆ ಅಂತಿದ್ರು ನಮ್ಮತ್ತೆ."

ಜಯಶೀಲಾಗೆ ನಗು ಬಂತು, ನಾಚಿಕೆಯೂ ಆಯಿತು. ಅವಳ ಅವ್ವ ಅಳೆಯುತ್ತಿದ್ದದ್ದೂ ಹೀಗೆಯೇ. ತಕ್ಕಡಿ ಬಂದ ಮೇಲೆ ಮರೆತೇಹೋಗಿತ್ತು. ಮೈದಾ ಗೋಪುರ ಕಟ್ಟುತ್ತದೆ, ಹಾಲು ಕಟ್ಟುತ್ತದೆಯೇ? ಹಿಟ್ಟು ಏರಿತು, ಹಾಲು ಅಲ್ಲೇ ಉಳಿಯಿತು, ಕೇಕು ಕಲ್ಲಾಯಿತು.

ಸವರಿ ಅಳೆಯಿರಿ ಎಂದು ಒಂದು ಮೆಸೇಜ್ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಧಾರಾಳವಾಗಿ ಅಳೆದ ಕೈಗೆ ಜಿಪುಣತನ ಕಲಿಸಲು ಅವಳಿಗೆ ಮನಸ್ಸಾಗಲಿಲ್ಲ. ಬದಲಾಗಬೇಕಾದ್ದು ತನ್ನ ಲೆಕ್ಕ ಎನಿಸಿತು. ತಕ್ಕಡಿ ತೆಗೆದು ಕಟ್ಟೆಯ ಮೇಲಿಟ್ಟಳು.

"ನಿಮ್ಮ ಅಳತೆ ಹಾಗೇ ಇರ್ಲಿ ಆಂಟಿ. ಇನ್ನೊಂದು ಪಾವು ಇದಕ್ಕೆ ಹಾಕಿ."

ಗೋಪುರದ ಪಾವು ನೂರರವತ್ತು ಗ್ರಾಂ ತೂಗಿತು. ಹಾಗಾದರೆ ಎರಡು ಪಾವಲ್ಲ, ಒಂದೂವರೆ. ಸಕ್ಕರೆಯನ್ನೂ ಹಾಗೆಯೇ ತೂಗಿ ತಿದ್ದಿದಳು. ಹಾಲು ಇದ್ದಷ್ಟೇ ಇರಲಿ ಎಂದಳು. ಒಲೆಯಿಂದ ಇಳಿದ ಕೇಕನ್ನು ಸೀತಾಲಕ್ಷ್ಮಿ ಬೆರಳಲ್ಲಿ ಒತ್ತಿದರು. ಅದು ತಗ್ಗಿ ಮತ್ತೆ ಮೇಲೆದ್ದಿತು. ಬೇಕರಿಯ ಮಾತು ಅಲ್ಲಿಗೇ ನಿಂತಿತು, ತಿದ್ದಿದ ಅಳತೆ ಗ್ರೂಪಿಗೆ ಹೋಯಿತು.

ವಾರ್ಷಿಕೋತ್ಸವದ ದಿನ ಮೇಜಿನ ತುಂಬ ಉಬ್ಬಿದ ಕೇಕುಗಳು. ಅತಿಥಿಯಾಗಿ ಬಂದಿದ್ದ ಕಾಲೇಜಿನ ಪ್ರಿನ್ಸಿಪಾಲರು ಒಂದು ತುಂಡು ತಿಂದು, ಯಾವ ಬೇಕರಿಯದು ಎಂದು ಕೇಳಿದರು. ಸೀತಾಲಕ್ಷ್ಮಿ ಮೈಕನ್ನೇ ಕೈಗೆ ತೆಗೆದುಕೊಂಡರು.

"ಬೇಕರಿದಲ್ಲ ಮೇಡಂ. ಕೈ ನಮ್ಮದು, ಲೆಕ್ಕ ನಮ್ಮ ಜಯಶೀಲಾದು."

ಸಭಾಂಗಣದ ತುಂಬ ಚಪ್ಪಾಳೆ. ಜಯಶೀಲಾಗೆ ಎದೆ ತುಂಬಿ ಬಂತು. ಆ ಹೆಂಗಸರ ಬಗ್ಗೆ, ಅವರ ಕೈಗಳ ಬಗ್ಗೆ, ತನ್ನ ಬಗ್ಗೆಯೂ ಹೆಮ್ಮೆಯಾಯಿತು. ಸೀತಾಲಕ್ಷ್ಮಿ ಅವಳ ತಟ್ಟೆಗೆ ದೊಡ್ಡದೊಂದು ತುಂಡು ಹಾಕಿದರು. ಸಾಕು ಆಂಟಿ ಎನ್ನುವಷ್ಟರಲ್ಲಿ ಅದರ ಮೇಲೆ ಇನ್ನೊಂದು ಚೂರು ಇಟ್ಟರು.

"ಸವರಿ ಕೊಡೋಕೆ ಬರಲ್ಲಮ್ಮ ನಂಗೆ."